ವಲಸೆ ಹೋದ ಅಪ್ಪ-ಅಮ್ಮ ನೆಮ್ಮದಿಯಾಗಿದ್ದಾರಾ? ಅಧ್ಯಯನಗಳು ಏನು ಹೇಳುತ್ತವೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ರಾತ್ರಿ ಹೊರಡುವ ವಿದೇಶಿ ವಿಮಾನಗಳ ಚೆಕ್-ಇನ್ ಸಾಲಿನ ಬಳಿ ಸ್ವಲ್ಪ ಹೊತ್ತು ನಿಂತರೆ ಈ ದೃಶ್ಯ ಕಣ್ಣಿಗೆ ಬೀಳುತ್ತದೆ. ಅರವತ್ತು ದಾಟಿದ ದಂಪತಿ. ಸೂಟ್‌ಕೇಸಿನ ತೂಕ ಮಿತಿ ಮೀರಿದೆ. ಅಲ್ಲೇ ನೆಲದ ಮೇಲೆ ಬಿಚ್ಚಿ ಏನು ತೆಗೆಯುವುದು, ಏನು ಉಳಿಸುವುದು ಎಂಬ ಚರ್ಚೆ. ಅಂಟಿನುಂಡೆ, ರಾಗಿ ಸರಿ ಹಿಟ್ಟು, ಮೆಣಸಿನ ಪುಡಿ, ಮಗುವಿಗೆ ಹೊಲಿದ ಕುಲಾವಿ. ಮಗಳ ಬಾಣಂತನಕ್ಕೆ ಹೊರಟವರು ಅವರು.

ಊರಿನಲ್ಲಿ ಆ ಮಗಳ ಬಗ್ಗೆ ಎರಡು ಮಾತು ಓಡಾಡುತ್ತಿರುತ್ತವೆ. ಒಂದು, "ಅವರಿಗೇನು ಕಡಿಮೆ, ಡಾಲರಿನಲ್ಲಿ ದುಡಿಯುತ್ತಾರೆ, ಸುಖವಾಗಿದ್ದಾರೆ." ಇನ್ನೊಂದು, "ಪಾಪ, ಹೇಳೋರಿಲ್ಲ ಕೇಳೋರಿಲ್ಲ, ಅಲ್ಲಿ ಮಕ್ಕಳನ್ನು ಸಾಕುವುದು ನರಕ." ಎರಡನ್ನೂ ಹೇಳುವವರು ಅಷ್ಟೇ ಖಚಿತವಾಗಿ ಹೇಳುತ್ತಾರೆ. ಇವುಗಳಲ್ಲಿ ಯಾವುದು ನಿಜ? ವಲಸೆ ಹೋದ ತಂದೆತಾಯಿಯರ ಯೋಗಕ್ಷೇಮವನ್ನು ಅದೇ ದೇಶದ ಸ್ಥಳೀಯ ತಂದೆತಾಯಿಯರದ್ದಕ್ಕೆ ಹೋಲಿಸಿದರೆ ಏನು ಕಾಣುತ್ತದೆ? ಈ ಲೇಖನದಲ್ಲಿ ನಾವು ಅದನ್ನು ಒಂದೊಂದಾಗಿ ನೋಡೋಣ.

ಇದು ಸಣ್ಣ ಗುಂಪಿನ ಪ್ರಶ್ನೆಯೇನೂ ಅಲ್ಲ. ವಿಶ್ವಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆಡೆ ಬದುಕುತ್ತಿದ್ದವರು ಸುಮಾರು 28.1 ಕೋಟಿ. 2024ರ ಹೊತ್ತಿಗೆ ಅದು 30.4 ಕೋಟಿಗೆ ಏರಿತ್ತು. ಅತಿ ಹೆಚ್ಚು ಜನರನ್ನು ಹೊರಗೆ ಕಳುಹಿಸಿರುವ ದೇಶ ಭಾರತ. ಸುಮಾರು 1.8 ಕೋಟಿ ಭಾರತೀಯರು ಹೊರದೇಶಗಳಲ್ಲಿದ್ದಾರೆ.

ಯೋಗಕ್ಷೇಮವನ್ನು ಅಳೆಯುವುದು ಹೇಗೆ?

ಜ್ವರ ಅಳೆಯಲು ಥರ್ಮಾಮೀಟರ್ ಇದೆ. ನೆಮ್ಮದಿಗೆ ಅಂಥದ್ದಿಲ್ಲ, ಕೇಳಿಯೇ ತಿಳಿಯಬೇಕು. ಸಂಶೋಧಕರು ಸಾಮಾನ್ಯವಾಗಿ ಮೂರು ಬಗೆಯಲ್ಲಿ ಕೇಳುತ್ತಾರೆ.

ಮೊದಲನೆಯದು ಒಟ್ಟು ಬದುಕಿನ ಬಗ್ಗೆ. 0ಯಿಂದ 10ರವರೆಗೆ ಮೆಟ್ಟಿಲುಗಳಿರುವ ಒಂದು ಏಣಿಯನ್ನು ಊಹಿಸಿಕೊಳ್ಳಿ, ನೀವು ಎಷ್ಟನೇ ಮೆಟ್ಟಿಲಲ್ಲಿದ್ದೀರಿ ಎಂದು ಕೇಳುವುದು. ಎರಡನೆಯದು ದಿನನಿತ್ಯದ ಮನಸ್ಥಿತಿಯ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಪಟ್ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಕಳೆದ ಎರಡು ವಾರಗಳಲ್ಲಿ ಮನಸ್ಸು ಉಲ್ಲಾಸವಾಗಿತ್ತೇ, ಶಾಂತವಾಗಿತ್ತೇ, ಮೈಯಲ್ಲಿ ಚೈತನ್ಯವಿತ್ತೇ, ನಿದ್ದೆಯಿಂದ ಎದ್ದಾಗ ದಣಿವು ಕಳೆದಿತ್ತೇ, ದಿನದಲ್ಲಿ ಆಸಕ್ತಿ ಹುಟ್ಟಿಸುವ ಸಂಗತಿಗಳಿದ್ದವೇ ಎಂದು ಅದು ವಿಚಾರಿಸುತ್ತದೆ. ಮೂರನೆಯದು ಕಾಯಿಲೆಯ ಲಕ್ಷಣಗಳ ಬಗ್ಗೆ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ರೂಪುಗೊಂಡ ಎಡಿನ್‌ಬರ್ಗ್ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿವೆ. ಅದು ಕನ್ನಡಕ್ಕೂ ಬಂದಿದೆ.

ಒಬ್ಬಳೇ ತಾಯಿ ಈ ಮೂರಕ್ಕೂ ಮೂರು ಬಗೆಯ ಉತ್ತರ ಕೊಡಬಹುದು. "ಬದುಕು ಚೆನ್ನಾಗಿದೆ, 8ನೇ ಮೆಟ್ಟಿಲು" ಎಂದವಳೇ "ಎರಡು ವಾರದಿಂದ ಸರಿಯಾಗಿ ನಿದ್ದೆಯಿಲ್ಲ, ಕಾರಣವಿಲ್ಲದೆ ಅಳು ಬರುತ್ತದೆ" ಎನ್ನಬಹುದು. ಎರಡೂ ಸುಳ್ಳಲ್ಲ. ಹಾಗಾಗಿ "ವಲಸಿಗರು ಹೆಚ್ಚು ಸುಖಿಗಳು" ಅಥವಾ "ಹೆಚ್ಚು ದುಃಖಿಗಳು" ಎಂಬ ಸುದ್ದಿ ಓದಿದಾಗ, ಅವರನ್ನು ಕೇಳಿದ್ದು ಯಾವ ಪ್ರಶ್ನೆ ಎಂದು ನಾವು ಮೊದಲು ನೋಡಬೇಕು.

ವಲಸೆಯೇ ಮನಸ್ಸನ್ನು ಕೆಡಿಸುತ್ತದೆಯೇ?

ಇದು ಹಳೆಯ ನಂಬಿಕೆ. ನಾರ್ವೆಯ ಮನೋವೈದ್ಯ ಓರ್ನುಲ್ವ್ ಓಡೆಗಾರ್ಡ್ 1932ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಮಿನ್ನೆಸೋಟಾಗೆ ವಲಸೆ ಬಂದ ನಾರ್ವೆಯನ್ನರಲ್ಲಿ ಗಂಭೀರ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರುವವರ ಪ್ರಮಾಣ ಹೆಚ್ಚಿತ್ತು. ವಲಸೆ ಎಂದರೆ ಮನಸ್ಸಿಗೆ ಅಪಾಯ ಎಂಬ ಮಾತು ಬಹುಕಾಲ ಉಳಿಯಿತು.

1986ರಲ್ಲಿ ಇದಕ್ಕೆ ಎದುರಾದ ಚಿತ್ರವೊಂದು ಬಂತು. ಕಿರಿಯಾಕೋಸ್ ಮಾರ್ಕಿಡೆಸ್ ಮತ್ತು ಜೀನೀನ್ ಕೋರೀಲ್ ಅಮೆರಿಕದ ನೈಋತ್ಯ ರಾಜ್ಯಗಳ ಹಿಸ್ಪಾನಿಕ್ ಜನರ ಆರೋಗ್ಯವನ್ನು ಪರಿಶೀಲಿಸಿದರು. ಬಡತನ ಹೆಚ್ಚಿದ್ದರೂ ಶಿಶುಮರಣ, ಆಯುಷ್ಯದಂಥ ಹಲವು ಅಳತೆಗಳಲ್ಲಿ ಅವರು ಬಿಳಿಯರಿಗೆ ಹತ್ತಿರವಾಗಿದ್ದರು. ಇದನ್ನು ವಿರೋಧಾಭಾಸ ಎಂದೇ ಕರೆಯಲಾಯಿತು. ಹೊಸದಾಗಿ ಬಂದ ವಲಸಿಗರು ಸ್ಥಳೀಯರಿಗಿಂತ ಆರೋಗ್ಯವಂತರಾಗಿರುವುದು ಮುಂದೆ ಕೆನಡಾದಂಥ ದೇಶಗಳಲ್ಲೂ ಕಂಡುಬಂತು. ಈ ಅನುಕೂಲ ವರ್ಷ ಕಳೆದಂತೆ ಕರಗುವುದೂ ಕಂಡಿತು.

ಇದಕ್ಕೆ ಒಂದು ಸರಳ ಕಾರಣವಿದೆ. ಗಡಿ ದಾಟುವವರು ಊರಿನ ಎಲ್ಲರ ಪ್ರತಿನಿಧಿಗಳಲ್ಲ. ಆರೋಗ್ಯ, ಓದು, ಧೈರ್ಯ ಇರುವವರು ಹೆಚ್ಚಾಗಿ ಹೊರಡುತ್ತಾರೆ, ಕಾಯಿಲೆ ಇರುವವರು ಹಿಂದೆ ಉಳಿಯುತ್ತಾರೆ. ವೀಸಾ ವ್ಯವಸ್ಥೆಯೇ ಜರಡಿ ಹಿಡಿಯುತ್ತದೆ. ಅಮೆರಿಕಕ್ಕೆ ಎಚ್-1ಬಿ ವೀಸಾದಲ್ಲಿ ಹೋಗುವ ಎಂಜಿನಿಯರನ್ನೂ ಯುದ್ಧದಿಂದ ಜೀವ ಉಳಿಸಿಕೊಂಡು ಬಂದ ನಿರಾಶ್ರಿತ ತಾಯಿಯನ್ನೂ "ವಲಸಿಗ" ಎಂಬ ಒಂದೇ ಚೀಲಕ್ಕೆ ಹಾಕಿ ಸರಾಸರಿ ತೆಗೆದರೆ, ಆ ಸರಾಸರಿ ಇಬ್ಬರ ಬಗ್ಗೆಯೂ ಏನೂ ಹೇಳುವುದಿಲ್ಲ.

2018ರ ವಿಶ್ವ ಸಂತೋಷ ವರದಿ ವಲಸೆಯನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡಿತ್ತು. 117 ದೇಶಗಳ ವಲಸಿಗರ ಉತ್ತರಗಳನ್ನು ಸ್ಥಳೀಯರ ಉತ್ತರಗಳ ಪಕ್ಕದಲ್ಲಿಟ್ಟು ನೋಡಿದಾಗ ಎರಡು ಪಟ್ಟಿಗಳೂ ಬಹುತೇಕ ಒಂದೇ ಕ್ರಮದಲ್ಲಿದ್ದವು. ಎರಡರಲ್ಲೂ ಫಿನ್‌ಲೆಂಡ್ ಮೊದಲು. ಅಂದರೆ ವಲಸಿಗರ ಸಂತೋಷ ಹೋಗಿ ಸೇರಿದ ದೇಶದ ಸಂತೋಷದ ಕಡೆಗೆ ವಾಲುತ್ತದೆ.

ಆದರೆ ಅದೇ ವರದಿಯಲ್ಲಿ ಚೀನಾದ ಒಂದು ಅಧ್ಯಾಯವಿತ್ತು. ಹಳ್ಳಿಯಿಂದ ನಗರಕ್ಕೆ ಬಂದು ಹೆಚ್ಚು ಸಂಪಾದಿಸುತ್ತಿದ್ದವರು ಹಳ್ಳಿಯಲ್ಲೇ ಉಳಿದವರಿಗಿಂತ ಕಡಿಮೆ ಸಂತೋಷ ಹೇಳಿಕೊಂಡಿದ್ದರು. ನಗರಕ್ಕೆ ಬಂದ ಮೇಲೆ ಹೋಲಿಸಿಕೊಳ್ಳುವುದು ಪಕ್ಕದ ಹೊಲದವನ ಜೊತೆಗಲ್ಲ, ಎದುರಿನ ಅಪಾರ್ಟ್‌ಮೆಂಟಿನವನ ಜೊತೆಗೆ. ಆಸೆಯ ಅಳತೆಗೋಲು ಆದಾಯಕ್ಕಿಂತ ವೇಗವಾಗಿ ಬೆಳೆಯುತ್ತದೆ.

ಸ್ಥಳೀಯ ತಂದೆತಾಯಿಯರು ಆರಾಮವಾಗಿದ್ದಾರೆಯೇ?

ಹೋಲಿಕೆಯ ಇನ್ನೊಂದು ತಟ್ಟೆಯನ್ನೂ ತೂಗಬೇಕು. 2024ರ ಆಗಸ್ಟ್‌ನಲ್ಲಿ ಅಮೆರಿಕದ ಅಂದಿನ ಸರ್ಜನ್ ಜನರಲ್ ವಿವೇಕ್ ಮೂರ್ತಿ ತಂದೆತಾಯಿಯರ ಮಾನಸಿಕ ಒತ್ತಡದ ಬಗ್ಗೆ ಸಾರ್ವಜನಿಕ ಸಲಹಾ ಪತ್ರ ಹೊರಡಿಸಿದರು. ಮೂರ್ತಿಯವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಅವರು ಹುಟ್ಟಿದ್ದು ಇಂಗ್ಲೆಂಡ್‌ನಲ್ಲಿ, ಬೆಳೆದದ್ದು ಅಮೆರಿಕದ ಮಯಾಮಿಯಲ್ಲಿ. ವಲಸೆ ಹೋದ ತಂದೆತಾಯಿಯರ ಮಗನೇ ಆ ದೇಶದ ಎಲ್ಲ ತಂದೆತಾಯಿಯರ ಪರವಾಗಿ ಮಾತನಾಡಿದಂತಾಯಿತು.

ಆ ಪತ್ರದ ಪ್ರಕಾರ ಹೆಚ್ಚಿನ ದಿನಗಳಲ್ಲಿ ಒತ್ತಡ ತಡೆಯಲಾರದಷ್ಟು ಇರುತ್ತದೆ ಎಂದ ತಂದೆತಾಯಿಯರು 48%. ಮಕ್ಕಳ ಹೊಣೆ ಇಲ್ಲದ ಉಳಿದ ವಯಸ್ಕರಲ್ಲಿ ಇದು 26%. ಇದು ವಲಸಿಗರೂ ಸ್ಥಳೀಯರೂ ಸೇರಿದ ಲೆಕ್ಕ.

ಇದಕ್ಕೂ ಮುಂಚೆ, 2016ರಲ್ಲಿ, ಸಮಾಜಶಾಸ್ತ್ರಜ್ಞೆ ಜೆನಿಫರ್ ಗ್ಲಾಸ್ ಮತ್ತು ಸಹೋದ್ಯೋಗಿಗಳು 22 ದೇಶಗಳನ್ನು ಹೋಲಿಸಿದ್ದರು. ಮಕ್ಕಳಿರುವವರ ಮತ್ತು ಇಲ್ಲದವರ ಸಂತೋಷದ ನಡುವಿನ ಕಂದರ ಅತಿ ದೊಡ್ಡದಾಗಿದ್ದದ್ದು ಅಮೆರಿಕದಲ್ಲಿ. ಕಾರಣ ಹುಡುಕಿದಾಗ ಸಿಕ್ಕಿದ್ದು ಮಕ್ಕಳ ಗುಣವೂ ಅಲ್ಲ, ತಾಯ್ತನದ ಗುಣವೂ ಅಲ್ಲ. ಸಂಬಳ ಸಹಿತ ರಜೆ, ಹೊಂದಿಸಿಕೊಳ್ಳಬಹುದಾದ ಕೆಲಸದ ಸಮಯ, ಕೈಗೆಟಕುವ ಶಿಶುಪಾಲನೆ ಇರುವ ದೇಶಗಳಲ್ಲಿ ಆ ಕಂದರ ಕಿರಿದಾಗಿತ್ತು ಅಥವಾ ಇರಲೇ ಇಲ್ಲ.

ಅಮೆರಿಕದ 1993ರ ಕಾನೂನು ಕೊಡುವುದು 12 ವಾರಗಳ ರಜೆ, ಅದೂ ಸಂಬಳವಿಲ್ಲದೆ. ಖಾಸಗಿ ಕಂಪನಿಯಾದರೆ 50 ಅಥವಾ ಅದಕ್ಕೂ ಹೆಚ್ಚು ನೌಕರರಿರಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಮಾತ್ರ ತಮ್ಮದೇ ಸಂಬಳ ಸಹಿತ ರಜೆ ಜಾರಿಗೆ ತಂದಿವೆ. ಭಾರತದಲ್ಲಿ 2017ರ ತಿದ್ದುಪಡಿಯ ನಂತರ ಸಂಘಟಿತ ವಲಯದ ತಾಯಂದಿರಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆಯಿದೆ. ಹೆಚ್ಚಿನ ಹೆಂಗಸರು ದುಡಿಯುವುದು ಅಸಂಘಟಿತ ವಲಯದಲ್ಲಿ, ಅವರಿಗೆ ಇದು ಸಿಗುವುದಿಲ್ಲ ಎನ್ನುವುದು ಬೇರೆ ಮಾತು.

ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಮಗು ಸಾಕುವ ಭಾರ ಇಬ್ಬರಿಗೂ ಇದೆ. ವಲಸಿಗರ ಹೆಗಲ ಮೇಲೆ ಇನ್ನೂ ಮೂರು ಸಂಗತಿಗಳು ಸೇರಿಕೊಳ್ಳುತ್ತವೆ: ಜನ, ಕಾಗದಪತ್ರ ಮತ್ತು ಭಾಷೆ.

ಮೊದಲು ಜನ. ನಮ್ಮಲ್ಲಿ ಬಾಣಂತನ ಎಂದರೆ ಎಣ್ಣೆ ನೀರು, ಪಥ್ಯದ ಊಟ ಮಾತ್ರ ಅಲ್ಲ. ರಾತ್ರಿ ಮಗು ಅತ್ತಾಗ ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ ಇರುತ್ತದೆ. "ಎಲ್ಲ ಮಕ್ಕಳೂ ಹೀಗೇ, ಹೆದರಬೇಡ" ಎನ್ನುವ ಒಂದು ಬಾಯಿ ಇರುತ್ತದೆ. ವಲಸೆ ಹೋದಾಗ ಕಳಚಿ ಬೀಳುವುದು ಇದು. ವಲಸಿಗ ತಾಯಂದಿರ ಹೆರಿಗೆ ನಂತರದ ಖಿನ್ನತೆಯ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2015ರಲ್ಲಿ ಪ್ರಕಟವಾಯಿತು. ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣಗಳಿದ್ದವು. ಸ್ಥಳೀಯ ತಾಯಂದಿರಿಗೆ ಹೋಲಿಸಿದರೆ ಸಾಧ್ಯತೆ ಸುಮಾರು ಎರಡು ಪಟ್ಟು. ಯಾರಿಗೆ ಹೆಚ್ಚು? ದೇಶಕ್ಕೆ ಬಂದು ಹೆಚ್ಚು ದಿನವಾಗದವರಿಗೆ, ನೆರವಿಗೆ ಜನ ಇಲ್ಲದವರಿಗೆ, ಗಂಡ-ಹೆಂಡಿರ ನಡುವೆ ಹೊಂದಾಣಿಕೆ ಕಡಿಮೆ ಇದ್ದವರಿಗೆ, ಮನೆಯ ಆದಾಯ ಸಾಲದು ಎನಿಸಿದವರಿಗೆ. ಅಪ್ಪಂದಿರೂ ಇದರ ಹೊರಗಿಲ್ಲ. 2010ರ ಒಂದು ವಿಶ್ಲೇಷಣೆಯ ಪ್ರಕಾರ, ವಲಸಿಗರಾಗಲಿ ಸ್ಥಳೀಯರಾಗಲಿ, ಹೊಸ ತಂದೆಯರಲ್ಲಿ ಸುಮಾರು 10% ಜನರಿಗೆ ಖಿನ್ನತೆ ಕಾಣಿಸಿಕೊಳ್ಳುತ್ತದೆ.

ಎರಡನೆಯದು ಕಾಗದಪತ್ರ. ಎಚ್-1ಬಿ ನೌಕರರ ಸಂಗಾತಿಗೆ ಸಿಗುವುದು ಎಚ್-4 ವೀಸಾ. ಇಲ್ಲಿ ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿಯುತ್ತಿದ್ದ ಹೆಣ್ಣುಮಗಳು ಅಲ್ಲಿಗೆ ಹೋದೊಡನೆ ದುಡಿಯುವ ಹಕ್ಕು ಕಳೆದುಕೊಳ್ಳುತ್ತಿದ್ದಳು. 2015ರ ಮೇ ತಿಂಗಳಿಂದ ಇವರಲ್ಲಿ ಒಂದು ಭಾಗಕ್ಕೆ, ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ನಿಗದಿತ ಹಂತ ದಾಟಿದ್ದರೆ, ಕೆಲಸದ ಅನುಮತಿ ಸಿಗತೊಡಗಿತು. ಯಾವುದೇ ಒಂದು ದೇಶದವರಿಗೆ ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ 7%ಗಿಂತ ಹೆಚ್ಚು ಸಿಗಬಾರದು ಎಂಬ ಮಿತಿಯಿಂದಾಗಿ ಭಾರತೀಯರ ಸರದಿ ಬಹಳ ಉದ್ದ. ಚಿಕ್ಕಂದಿನಲ್ಲೇ ಅಲ್ಲಿಗೆ ಹೋದ ಮಗುವಿಗೆ ಅಷ್ಟರಲ್ಲಿ 21 ತುಂಬಿದರೆ ಅಪ್ಪ-ಅಮ್ಮನ ವೀಸಾದ ಆಸರೆ ತಪ್ಪುತ್ತದೆ. ಪಕ್ಕದ ಮನೆಯ ಸ್ಥಳೀಯ ತಂದೆಗೂ ಕೆಲಸ ಹೋಗುವ ಭಯವಿದೆ. ಆದರೆ ಕೆಲಸದ ಜೊತೆಗೆ ದೇಶವೂ ಮಗನ ಶಾಲೆಯೂ ಹೋಗುತ್ತವೆ ಎಂಬ ಭಯ ಅವನಿಗಿಲ್ಲ.

ಕೊಲ್ಲಿ ರಾಷ್ಟ್ರಗಳ ಕಥೆ ಇನ್ನೊಂದು ಬಗೆ. ಕರಾವಳಿಯ ಅದೆಷ್ಟೋ ಮನೆಗಳ ಅಪ್ಪಂದಿರು ಅಲ್ಲಿ ದುಡಿಯುತ್ತಿದ್ದಾರೆ. ಯುಎಇಯಲ್ಲಿ ಹೆಂಡತಿ-ಮಕ್ಕಳನ್ನು ಕರೆಸಿಕೊಳ್ಳಲು ತಿಂಗಳಿಗೆ ಕನಿಷ್ಠ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಜೊತೆಗೆ ವಸತಿ ಇರಬೇಕು. ಅದಕ್ಕಿಂತ ಕಡಿಮೆ ದುಡಿಯುವವರು ವಿಡಿಯೊ ಕಾಲ್‌ನಲ್ಲೇ ಅಪ್ಪನಾಗಿರಬೇಕು. "ವಲಸಿಗ ತಂದೆತಾಯಿ" ಎಂಬ ಸಮೀಕ್ಷೆಗಳಲ್ಲಿ ಮಕ್ಕಳ ಜೊತೆ ಒಂದೇ ಮನೆಯಲ್ಲಿರುವವರನ್ನಷ್ಟೇ ಎಣಿಸಿದರೆ ಇಂಥ ಅಪ್ಪ ಲೆಕ್ಕಕ್ಕೇ ಸಿಗುವುದಿಲ್ಲ.

ಮೂರನೆಯದು ಭಾಷೆ. ಮಕ್ಕಳು ಹೊಸ ನುಡಿಯನ್ನು, ಹೊಸ ರೀತಿನೀತಿಯನ್ನು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ಕೆಲವು ವರ್ಷಗಳಲ್ಲೇ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಅಪ್ಪ-ಅಮ್ಮನ ಪರವಾಗಿ ಮಾತನಾಡುವ ದುಭಾಷಿಗಳಾಗುತ್ತಾರೆ. ಮಗುವಿಗೆ ಇದು ಹೆಮ್ಮೆಯೂ ಹೌದು, ಹೊರೆಯೂ ಹೌದು. ಮನೆಯ ಹಿರಿಯರ ಮಾತಿನ ತೂಕ ಇಳಿಯುತ್ತಿದೆ ಎಂದು ತಂದೆತಾಯಿಗೆ ಅನಿಸುವುದು ಇಲ್ಲಿಯೇ.

ನೆಮ್ಮದಿ ಕೊಡುವುದು ಯಾವುದು?

ಇಷ್ಟೆಲ್ಲ ಭಾರವಿದ್ದರೂ ಬಹಳಷ್ಟು ವಲಸಿಗ ತಂದೆತಾಯಿಯರು ತಮ್ಮ ಬದುಕು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಅದನ್ನು ತೋರಿಕೆ ಎಂದು ತಳ್ಳಿಹಾಕಬೇಕಿಲ್ಲ. "ಇದೆಲ್ಲ ಮಕ್ಕಳಿಗಾಗಿ" ಎಂಬ ಉದ್ದೇಶ ಕಷ್ಟಕ್ಕೆ ಒಂದು ಅರ್ಥ ಕೊಡುತ್ತದೆ. ಬಿಟ್ಟುಬಂದ ಊರಿನ ಸ್ಥಿತಿಯ ಜೊತೆ ಹೋಲಿಸಿಕೊಂಡಾಗ ಇಂದಿನದು ಮೇಲೆನಿಸುತ್ತದೆ.

ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರ್ರಿ ವಲಸಿಗರು ಹೊಸ ನೆಲಕ್ಕೆ ಹೊಂದಿಕೊಳ್ಳುವ ನಾಲ್ಕು ದಾರಿಗಳನ್ನು ಗುರುತಿಸಿದರು: ಹಳೆಯದನ್ನು ಬಿಟ್ಟು ಹೊಸದರಲ್ಲಿ ಕರಗುವುದು, ಹೊಸದರಿಂದ ದೂರವುಳಿದು ಹಳೆಯದಕ್ಕೇ ಅಂಟಿಕೊಳ್ಳುವುದು, ಎರಡರಿಂದಲೂ ಕಳಚಿಕೊಳ್ಳುವುದು, ಎರಡನ್ನೂ ಹಿಡಿದುಕೊಳ್ಳುವುದು. ಹೆಚ್ಚಿನ ಅಧ್ಯಯನಗಳಲ್ಲಿ ಒಳ್ಳೆಯ ಯೋಗಕ್ಷೇಮದ ಜೊತೆ ಕಾಣುವುದು ನಾಲ್ಕನೆಯ ದಾರಿ. ಅಮೆರಿಕದಲ್ಲಿ 1970ರ ದಶಕದಿಂದಲೇ ಬೆಳೆದ ಕನ್ನಡ ಕೂಟಗಳು, ವಾರಾಂತ್ಯದ ಕನ್ನಡ ಶಾಲೆಗಳು ಮಾಡುತ್ತಿರುವ ಕೆಲಸವನ್ನು ಈ ಕಣ್ಣಿನಿಂದಲೂ ನೋಡಬಹುದು. ಮಗು ಅಕ್ಷರ ಕಲಿಯುತ್ತಿರುವಾಗ ಹೊರಗೆ ಕಾಯುವ ಅಮ್ಮಂದಿರಿಗೆ ಮಾತಿಗೊಬ್ಬರು ಸಿಗುತ್ತಾರೆ.

ಕಾನೂನೂ ಇಲ್ಲಿ ಪಾತ್ರ ವಹಿಸುತ್ತದೆ. ಅಜ್ಜ-ಅಜ್ಜಿ ಅಮೆರಿಕಕ್ಕೆ ಪ್ರವಾಸಿ ವೀಸಾದಲ್ಲಿ ಹೋದರೆ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳು ಇರಬಹುದು. ಕೆನಡಾದ ಸೂಪರ್ ವೀಸಾ 2022ರಿಂದ ಒಮ್ಮೆಗೆ ಐದು ವರ್ಷದವರೆಗೂ ಇರಲು ಬಿಡುತ್ತದೆ, ಆದರೆ ಆರೋಗ್ಯ ವಿಮೆ ಕಡ್ಡಾಯ. ಸ್ವೀಡನ್‌ನಲ್ಲಿ ಪ್ರತಿ ಮಗುವಿಗೆ ತಂದೆತಾಯಿ ಇಬ್ಬರಿಗೂ ಸೇರಿ 480 ದಿನಗಳ ಭತ್ಯೆ ಸಹಿತ ರಜೆಯಿದೆ. 2024ರ ಜುಲೈಯಿಂದ ಅದರಲ್ಲಿ ತಲಾ 45 ದಿನಗಳವರೆಗೆ ಅಜ್ಜ-ಅಜ್ಜಿಯರಿಗೂ ಬಿಟ್ಟುಕೊಡಬಹುದು. ಆದರೆ ಆ ಅಜ್ಜಿ ಸ್ವೀಡನ್‌ನ ಸಾಮಾಜಿಕ ವಿಮೆಯ ವ್ಯಾಪ್ತಿಯಲ್ಲಿರಬೇಕು. ಸ್ಟಾಕ್‌ಹೋಮ್‌ನ ಅಜ್ಜಿಗೆ ಸಿಗುವ ಭತ್ಯೆ ಶಿವಮೊಗ್ಗದಿಂದ ಹೋದ ಅಜ್ಜಿಗೆ ಸಿಗದು. ಒಂದೇ ಕಾನೂನು, ಒಂದೇ ಬೀದಿಯ ಎರಡು ಮನೆ, ಎರಡು ಫಲ.

ಊರಿನಲ್ಲಿರುವವರು ಏನು ಮಾಡಬಹುದು?

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. "ಬಾಣಂತಿ ಅಳುವುದು ಸಹಜ" ಎನ್ನುತ್ತೇವೆ. ಹೆರಿಗೆಯಾದ ಮೊದಲ ದಿನಗಳಲ್ಲಿ ಮನಸ್ಸು ಏರುಪೇರಾಗುವುದು ನಿಜವಾಗಿಯೂ ಸಹಜ. ಸಾಮಾನ್ಯವಾಗಿ ಎರಡು ವಾರದೊಳಗೆ ಅದು ತಾನಾಗಿ ಇಳಿಯುತ್ತದೆ. ಅದಕ್ಕೂ ಮೀರಿ ಉಳಿದರೆ, ಮಗು ಮಲಗಿದ್ದರೂ ತಾಯಿಗೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, "ನಾನು ಒಳ್ಳೆಯ ಅಮ್ಮ ಅಲ್ಲ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರೆ ವೈದ್ಯರನ್ನು ಕಾಣಬೇಕು. ತನಗೋ ಮಗುವಿಗೋ ಅಪಾಯ ಮಾಡಿಕೊಳ್ಳುವ ಮಾತು ಬಂದರೆ ಒಂದು ಗಂಟೆಯೂ ಕಾಯಬಾರದು. ಇದಕ್ಕೆ ಪರಿಣಾಮಕಾರಿ ಚಿಕಿತ್ಸೆಯಿದೆ. ಇದು ದೃಷ್ಟಿ ತಗಲಿದ್ದೂ ಅಲ್ಲ, ಮನಸ್ಸು ಗಟ್ಟಿ ಮಾಡಿಕೊಳ್ಳದ್ದರ ತಪ್ಪೂ ಅಲ್ಲ.

ಭಾರತದಲ್ಲಿ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಅಮೆರಿಕದಲ್ಲಿ ಗರ್ಭಿಣಿಯರು ಮತ್ತು ಹೊಸ ತಾಯಂದಿರಿಗಾಗಿ 1-833-852-6262 ಎಂಬ ಉಚಿತ ಸಹಾಯವಾಣಿ ದಿನವಿಡೀ ಇರುತ್ತದೆ. ಬೇರೆ ಭಾಷೆಯವರು ದುಭಾಷಿಯ ನೆರವು ಕೇಳಬಹುದು. ತುರ್ತಾದರೆ ಅಲ್ಲಿ 988ಕ್ಕೆ ಕರೆ ಮಾಡಬಹುದು.

ಇನ್ನು ವಾರಕ್ಕೊಮ್ಮೆಯ ವಿಡಿಯೊ ಕಾಲ್. ನಾವು ಅಲ್ಲಿ ಕೇಳುವುದು "ಊಟ ಆಯ್ತಾ? ಅಲ್ಲಿ ಚಳಿನಾ?" ಎಂದು. ಉತ್ತರವೂ ಗೊತ್ತಿರುವಂಥದ್ದೇ, "ಹ್ಞೂಂ, ಎಲ್ಲ ಚೆನ್ನಾಗಿದೆ." ಮೇಲೆ ಹೇಳಿದ ಪ್ರಶ್ನಾವಳಿಗಳಿಂದ ಒಂದೆರಡನ್ನು ಸಾಲ ಪಡೆಯಬಹುದು. ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು? ಈ ವಾರ ಯಾರ ಜೊತೆಗಾದರೂ ಮನಸ್ಸು ಬಿಚ್ಚಿ ಮಾತಾಡಿದೆಯಾ? ನಿನಗೆ ಹುಷಾರಿಲ್ಲದಿದ್ದರೆ ಮಗುವನ್ನು ಎತ್ತಿಕೊಳ್ಳುವವರು ಯಾರಿದ್ದಾರೆ? ಇವಕ್ಕೆ "ಚೆನ್ನಾಗಿದೆ" ಎಂದು ಹಾರಿಕೆಯ ಉತ್ತರ ಕೊಡುವುದು ಕಷ್ಟ.

ಕೊನೆಯದಾಗಿ, ಮೊದಲ ಪ್ರಶ್ನೆಗೆ ಉತ್ತರ. ವಲಸಿಗ ತಂದೆತಾಯಿಯರು ಸ್ಥಳೀಯರಿಗಿಂತ ಸುಖಿಗಳೂ ಅಲ್ಲ, ದುಃಖಿಗಳೂ ಅಲ್ಲ. ಇಡೀ ಗುಂಪಿಗೆ ಹೊಂದುವ ಒಂದು ಉತ್ತರವೇ ಇಲ್ಲ. ನೆರವಿಗೆ ಜನ, ಕೈಯಲ್ಲಿ ಭದ್ರವಾದ ಕಾಗದಪತ್ರ, ಸಂಬಳ ಸಹಿತ ರಜೆ ಇರುವಲ್ಲಿ ವ್ಯತ್ಯಾಸ ಕಡಿಮೆಯಾಗುತ್ತದೆ. ಇವು ಇಲ್ಲದಿದ್ದರೆ ಸ್ವಂತ ಊರಿನಲ್ಲಿದ್ದ ತಾಯಿಯೂ ಒಂಟಿಯಾಗುತ್ತಾಳೆ. ಸೂಟ್‌ಕೇಸಿನಲ್ಲಿ ಅಂಟಿನುಂಡೆ ಹೊತ್ತು ಹೊರಟ ಆ ಅಜ್ಜಿಗೆ ಈ ವಿಷಯ ಯಾವ ಅಧ್ಯಯನವನ್ನೂ ಓದದೆ ಗೊತ್ತಿದೆ. ಆರು ತಿಂಗಳ ನಂತರ ಅವರು ವಾಪಸ್ ಬಂದ ಮೇಲೆ ಆ ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಉಳಿದವರು ಕೇಳುತ್ತಿರಬೇಕು.